ಫೋಟೋದಲ್ಲಿ ಬಾಗದ ಹೆಬ್ಬೆರಳು

ಪುಟ್ಟಾ, ಚಿನ್ನೂ, ಎಲ್ಲ ಫೋಟೋದಲ್ಲೂ ಅಜ್ಜಿ ಹೆಬ್ಬೆರಳು ಎತ್ತಿ 'ಸೂಪರ್' ಹೇಳುತ್ತಾಳೆ ಎಂದು ನಗುತ್ತೀರಲ್ಲ? ನಾನು ಎತ್ತುವುದಲ್ಲ ಮಕ್ಕಳೇ, ಅದು ಬಾಗುವುದಿಲ್ಲ.

ನಿಮ್ಮ ಅಜ್ಜ ತೀರಿಹೋದ ಮೇಲೆ, ನಮ್ಮ ಊರು ಪಡೀಲಿನಲ್ಲಿ ನಾನು ಪಕ್ಕದ ಮನೆಯ ಅಕ್ಕನ ಜಗಲಿಯಲ್ಲೇ ಕೂತು ಬೀಡಿ ಕಟ್ಟುತ್ತಿದ್ದೆ. ಒಂದು ದಿನ ಅಕ್ಕನ ಗಂಡ ಚರಂಡಿ ನೀರಿನ ವಿಷಯಕ್ಕೆ ಹಿಂಬದಿಯ ಮನೆಯವರ ಮೇಲೆ ಕತ್ತಿ ಬೀಸಿದರು. ತಡೆಯಲು ಹೋದ ನನ್ನ ಹೆಬ್ಬೆರಳ ಬುಡಕ್ಕೆ ತಾಗಿತು. ಪೊಲೀಸ್ ಕೇಸಾಯಿತು. ಗಾಯ ಪೂರ್ತಿ ಮಾಗಿದ ಮೇಲೆ ಬೆರಳಿನ ಸ್ಥಿತಿ ನೋಡಿ ಡಾಕ್ಟರು ಬರೆದುಕೊಡಬೇಕಿತ್ತು. ಶಾಶ್ವತ ಊನ ಎಂದರೆ ಕೇಸು ದೊಡ್ಡದು, ಅಕ್ಕನ ಗಂಡನಿಗೆ ಜೈಲು ಆಗಬಹುದು.

ಆಸ್ಪತ್ರೆಗೆ ಒಬ್ಬಳೇ ಹೋಗಲು ನನಗೆ ನಾಚಿಕೆ. ಅಕ್ಕನೇ ಜೊತೆಗೆ ಬಂದರು. ದಾರಿಯಲ್ಲಿ ಬೀಡಿ ಅಂಗಡಿಗೆ ಕಟ್ಟಿದ ಬೀಡಿ ಕೊಟ್ಟು, ಹೊಸ ಎಲೆ, ಹೊಗೆಸೊಪ್ಪು, ನೂಲು ಚೀಲಕ್ಕೆ ತುಂಬಿಸಿಕೊಂಡಿದ್ದೆವು.

"ಎಂತ ತೊಂದರೆ ಉಂಟು?" ಡಾಕ್ಟ್ರಮ್ಮ ಕೇಳಿದರು.

"ಎಂತ ಇಲ್ಲ." ಕೈಯನ್ನು ಸೆರಗಿನೊಳಗೆ ಅಡಗಿಸಿದೆ.

"ಇಲ್ಲಿ ಇಲ್ಲದ ನೋವು ತೋರಿಸುವವರು ಬರ್ತಾರೆ. ನೀವು ಇದ್ದದ್ದನ್ನೇ ಅಡಗಿಸ್ತೀರಲ್ಲ ಮಾರಾಯ್ರೆ."

ಬೆರಳನ್ನು ಅವರೇ ಬಾಗಿಸಿ ನೋಡಿದರು, ಅಳೆದರು, ಸೂಜಿ ಹೆಕ್ಕಿಸಿದರು. ಕೆಲಸ ಬೀಡಿ ಎಂದಾಗ, "ಹಾಗಾದರೆ ಒಂದು ಕಟ್ಟಿ, ನೋಡುವ" ಎಂದರು.

ತೋರುಬೆರಳು, ನಡುಬೆರಳ ನಡುವೆ ಎಲೆ ಸುತ್ತಿ, ಎಡಗೈಯಲ್ಲಿ ನೂಲು ಕಟ್ಟಿ ಮೇಜಿನ ಮೇಲಿಟ್ಟೆ. "ಗುಣವಾಗಿದೆ ಅಂತ ಬರೀರಿ ಡಾಕ್ಟ್ರೇ."

"ಸುಳ್ಳು," ಅಕ್ಕ ಹಿಂದಿನಿಂದ ಹೇಳಿದರು. "ಮೊದಲು ಇವಳು ಕಣ್ಣು ಮುಚ್ಚಿ ಕಟ್ತಿದ್ದಳು. ಈಗ ನನ್ನ ಕಟ್ಟು ಮುಗಿಯುವಾಗ ಇವಳದ್ದು ಅರ್ಧವೂ ಆಗುವುದಿಲ್ಲ."

"ನೀವು ಯಾರು?"

"ಕತ್ತಿ ಬೀಸಿದವರ ಹೆಂಡತಿ."

ಡಾಕ್ಟ್ರಮ್ಮ ಮೇಜಿನ ಮೇಲಿನ ಬೀಡಿಯನ್ನು ಎತ್ತಿ ನೋಡಿದರು. "ಬೇರೆ ಬೆರಳುಗಳು ಕೆಲಸ ಕಲಿತದ್ದು ಹೌದಮ್ಮ. ಅದರಿಂದ ಹೆಬ್ಬೆರಳು ಗುಣವಾದ ಹಾಗೆ ಆಗುವುದಿಲ್ಲ." ಶಾಶ್ವತ ಊನ ಎಂದೇ ಬರೆದರು.

ಬಸ್ಸಿನಲ್ಲಿ ನನಗೆ ಅಳು ಬಂತು.

"ನೀನು ಯಾಕೆ ಅಳುವುದು? ಹೋಗುವುದು ನನ್ನ ಗಂಡ," ಅಕ್ಕ ಮೊಣಕೈಯಿಂದ ತಿವಿದರು. "ಗೊರಕೆ ಕೇಳದೆ ಸ್ವಲ್ಪ ದಿನ ನಿದ್ದೆ ಮಾಡ್ತೇನೆ."

ಅಕ್ಕನ ಗಂಡ ಶಿಕ್ಷೆ ಮುಗಿಸಿ ಬಂದು, ಚರಂಡಿಯನ್ನು ತಮ್ಮ ಜಾಗದಲ್ಲೇ ತೋಡಿದರು. ಗೊರಕೆಯೂ ವಾಪಸು ಬಂತು. ನನ್ನ ಬೀಡಿಯ ಗಂಟು ಇವತ್ತಿಗೂ ಅಕ್ಕನೇ ಬಿಗಿಯುವುದು.

ನಾನು ಬರೆದ ಈ ಹಾಳೆಗಳನ್ನು ಆ ಫೋಟೋಗಳ ಜೊತೆಗೇ ಇಟ್ಟುಕೊಳ್ಳಿ, ಗೆದ್ದಲು ಹಿಡಿಯದ ಕಡೆ. ಅಜ್ಜಿಯ ಬೆರಳು ನೋಡಿ ನಗುವವರಿಗೆ ಫೋಟೋದಲ್ಲಿ ನನ್ನ ಪಕ್ಕದಲ್ಲೇ ನಿಂತ ಅಕ್ಕನನ್ನೂ ತೋರಿಸಿ.