ಸರ್ಟಿಫಿಕೇಟ್ ಬಂದ ಮೇಲೆ ಅಕ್ಕ

ಶಂಕರಪುರಂನ ನಮ್ಮ ಮನೆಯ ನಡುಮನೆಯಲ್ಲಿ ಅಕ್ಕ ಎರಡು ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಡಿಸೈನ್ ಸಾಫ್ಟ್‌ವೇರ್ ಹೇಳಿಕೊಡುತ್ತಿದ್ದಳು. ಬರುತ್ತಿದ್ದವರು ಹೆಚ್ಚಾಗಿ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು. ಬಂದವರಿಂದ ಅಕ್ಕ ಮೊದಲು ಮಾಡಿಸುತ್ತಿದ್ದದ್ದು ಅವರವರ ಮನೆಯದೇ ಒಂದು ಲಗ್ನಪತ್ರಿಕೆ. ತೀರಿಹೋದ ತಾತನ ಹೆಸರು ಎಲ್ಲಿ, ಸೋದರಮಾವನದು ಎಲ್ಲಿ, ಮಾತು ಬಿಟ್ಟ ದೊಡ್ಡಪ್ಪನನ್ನು ಯಾವ ಸಾಲಿಗೆ ಹಾಕುವುದು? ಆ ವ್ಯಾಜ್ಯ ಬಗೆಹರಿಯುವಷ್ಟರಲ್ಲಿ ಅವರಿಗೆ ಅರ್ಧ ಸಾಫ್ಟ್‌ವೇರ್ ಬಂದುಬಿಟ್ಟಿರುತ್ತಿತ್ತು. ಅಡುಗೆಮನೆಯಲ್ಲಿದ್ದ ನನಗೂ ಅವರ ನಗು ಕೇಳಿ ನಗು ಬರುತ್ತಿತ್ತು.

ಅಕ್ಕನಿಗೆ ಮಾತ್ರ ನಿಜವಾದ ಕ್ಲಾಸಿನಲ್ಲಿ, ಬೋರ್ಡಿನ ಮುಂದೆ ನಿಂತು ಪಾಠ ಮಾಡುವ ಆಸೆ. ಸಂಪಿಗೆ ರಸ್ತೆಯ ಹತ್ತಿರದ ಒಂದು ತರಬೇತಿ ಕೇಂದ್ರಕ್ಕೆ ಹೋಗಿ ಕೇಳಿದಳು. ನಾನೂ ಜೊತೆಗಿದ್ದೆ.

"ಸರ್ಟಿಫಿಕೇಟ್ ಇದೆಯಾ ಮೇಡಂ?" ಎಂದರು ಮಾಲೀಕರು.

"ಇಲ್ಲ. ಆದ್ರೆ ತುಂಬಾ ವರ್ಷದಿಂದ ಹೇಳ್ಕೊಡ್ತಿದೀನಿ."

"ಅನುಭವಾನ ಗೋಡೆಗೆ ನೇತು ಹಾಕಕ್ಕಾಗಲ್ವಲ್ಲ ಮೇಡಂ."

ನನಗೆ ಮೈಯೆಲ್ಲ ಉರಿಯಿತು. ಅಕ್ಕ ನಕ್ಕು ಎದ್ದು ಬಂದಳು, ಮಾರನೆಯ ದಿನವೇ ಆ ಸಾಫ್ಟ್‌ವೇರಿನ ಸರ್ಟಿಫಿಕೇಟ್ ಪರೀಕ್ಷೆಗೆ ಓದಲು ಕೂತಳು. ಐವತ್ತರ ಹೊಸ್ತಿಲಲ್ಲಿ, ಇಂಗ್ಲಿಷ್ ಪುಸ್ತಕ ಹಿಡಿದು. ಸುಳ್ಳು ಹೇಳಬಾರದು, ಆ ಓದಿನಿಂದ ಅವಳಿಗೆ ಲಾಭವಾಯಿತು. ಅಂದಾಜಿನಲ್ಲಿ ಮಾಡುತ್ತಿದ್ದ ಎಷ್ಟೋ ಕೆಲಸದ ಕಾರಣ ತಿಳಿಯಿತು. ಮೊದಲ ಸಲ ಫೇಲಾದಳು, ಎರಡನೆಯ ಸಲ ಪಾಸಾದಳು. ಅಮ್ಮ ಸರ್ಟಿಫಿಕೇಟನ್ನು ದೇವರ ಮುಂದಿಟ್ಟು ಮೂಲೆಗೆ ಕುಂಕುಮ ಹಚ್ಚಿದರು.

"ಅಕ್ಕಾ, ಇನ್ಮೇಲೆ ನಿನ್ನ ಮೇಡಂ ಅಂತ ಕರೀಬೇಕಾ?" ಎಂದು ಕಾಡಿಸಿದೆ.

"ಕರಿ, ಏನೀಗ?" ಎಂದಳು. ಅಷ್ಟು ಜಂಬ ಅವಳ ಮುಖದಲ್ಲಿ ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಆ ಕೇಂದ್ರದಲ್ಲೇ ಕೆಲಸ ಸಿಕ್ಕಿತು. ಹೊರಗೆ ಪಾಠ ಹೇಳಬಾರದು ಎಂಬ ಷರತ್ತಿಗೂ ಸಹಿ ಹಾಕಿದಳು. ನಡುಮನೆಯ ಹುಡುಗಿಯರಿಗೆ ಅರಿಶಿನ ಕುಂಕುಮ, ಬಾಳೆಹಣ್ಣು ಕೊಟ್ಟು ಕಳಿಸಿದಳು.

ಅಲ್ಲಿಗೆ ಹೋದರೆ, ಪಾಠ ಮಾಡುವುದು ದೊಡ್ಡ ಪರದೆಯ ಮೇಲಿನ ವಿಡಿಯೊ. ಅದರಲ್ಲಿ ಯಾರೋ ಎಲ್ಲಿಂದಲೋ ಮಾತಾಡುತ್ತಾರೆ. ಕ್ಲಾಸಿನಲ್ಲಿ ಸರ್ಟಿಫಿಕೇಟ್ ಇರುವವರೊಬ್ಬರು ಇರಲೇಬೇಕು ಎಂಬ ನಿಯಮಕ್ಕಾಗಿ ಅಕ್ಕ ಮೂಲೆಯ ಕುರ್ಚಿಯಲ್ಲಿ ಉತ್ಸವಮೂರ್ತಿ. ಮೊದಲ ವಾರ ಒಬ್ಬ ಹುಡುಗಿ ಅರ್ಥವಾಗಲಿಲ್ಲವೆಂದು ಕೈ ಎತ್ತಿದಳಂತೆ. ಅಕ್ಕ ಎದ್ದು ಅವಳ ಹತ್ತಿರ ಹೋಗುವಷ್ಟರಲ್ಲಿ ಬಾಗಿಲಿಂದ ಮಾಲೀಕರ ದನಿ.

"ಮೇಡಂ, ನೀವು ಕೂತ್ಕೊಳಿ. ಅದೆಲ್ಲ ವಿಡಿಯೋದಲ್ಲಿ ಮುಂದೆ ಬರುತ್ತೆ."

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಊಟಕ್ಕೆ ಕೂತಾಗ ಅಕ್ಕ ಇದನ್ನು ತಮಾಷೆಯಾಗಿಯೇ ಹೇಳಿದಳು. ಅಮ್ಮ ನಕ್ಕರು. ನಾನು ತಟ್ಟೆ ಎತ್ತಿಕೊಂಡು ಎದ್ದೆ.

ವರ್ಷವಾಗುತ್ತ ಬಂತು. ನಡುಮನೆಯಲ್ಲಿ ಈಗ ಸದ್ದಿಲ್ಲ, ಅದು ನನ್ನನ್ನು ಬಹಳ ನೋಯಿಸುತ್ತದೆ. ಅಕ್ಕ ಮಾತ್ರ ಈಗಲೂ ಬೆಳಿಗ್ಗೆ ಬೇಗ ಎದ್ದು ಆವತ್ತಿನ ಪಾಠ ಪೂರ್ತಿ ಓದಿಕೊಳ್ಳುತ್ತಾಳೆ. ಮೊನ್ನೆ ತಡೆಯಲಾರದೆ ರೇಗಿಬಿಟ್ಟೆ.

"ಯಾರಿಗೋಸ್ಕರ ಓದ್ತೀಯಕ್ಕ? ಬಿಟ್ಟು ಬಂದ್ಬಿಡು."

ಅಕ್ಕ ಸೀರೆಯ ನೆರಿಗೆ ಹಿಡಿದುಕೊಂಡೇ ನನ್ನ ಕಡೆ ನೋಡಿದಳು.

"ಒಂದಲ್ಲ ಒಂದಿನ ಆ ವಿಡಿಯೋ ಕೆಟ್ಟೋಗುತ್ತೆ ಕಣೇ. ಆವತ್ತು ನಾನು ಅಲ್ಲಿರ್ಬೇಕಲ್ವಾ?"