ನಿಶಾನನ ಮೂರು ದಿನ

ಅರ್ಮೇನಿಯನ್ನರ ಬಡಾವಣೆಯಾದ ಬುರ್ಜ್ ಹಮ್ಮೂದಿನಲ್ಲಿ ಶೂ ಮಾಡುತ್ತಿದ್ದ ನಿಶಾನ್ ಕಳೆದ ಶುಕ್ರವಾರ ಆಸ್ಪತ್ರೆಯಲ್ಲಿ ತೀರಿಕೊಂಡ. ಐವತ್ತೆರಡು ವರ್ಷ. ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ಕೀವಾಗಿತ್ತು.

ಅವನ ಅಕ್ಕ ಅರಕ್ಸಿಗೆ ಇದು ಇನ್ನೂ ತಲೆಗೆ ಹತ್ತುತ್ತಿಲ್ಲ. ಹೊಟ್ಟೆನೋವು ಆ ಮನೆಗೆ ಹೊಸದಾಗಿರಲಿಲ್ಲ. ಚಿಕ್ಕಂದಿನಿಂದಲೂ ನಿಶಾನನಿಗೆ ಆಗಾಗ ಜ್ವರ ಏರುತ್ತಿತ್ತು, ಹೊಟ್ಟೆ ಹಲಗೆಯಂತೆ ಬಿಗಿಯುತ್ತಿತ್ತು, ಮೂರು ದಿನ ಕಳೆದರೆ ತಾನಾಗಿ ಇಳಿಯುತ್ತಿತ್ತು. ಅವರ ಅಪ್ಪನಿಗೂ ಹಾಗೇ. ಆ ಬೀದಿಯ ಎಷ್ಟೋ ಅರ್ಮೇನಿಯನ್ ಮನೆಗಳಲ್ಲಿ ಯಾರಾದರೊಬ್ಬರಿಗೆ ಹಾಗೇ. ಅಪ್ಪನ ಹೊಟ್ಟೆಯನ್ನು ಒಮ್ಮೆ ಅಪೆಂಡಿಕ್ಸ್ ಎಂದು ಕೊಯ್ದಿದ್ದರು. ತೆಗೆದದ್ದರಲ್ಲಿ ಏನೂ ದೋಷವಿರಲಿಲ್ಲ. ಮೂರು ವಾರಕ್ಕೆ ಜ್ವರ ಮತ್ತೆ ಬಂತು. ಅಂದಿನಿಂದ ಮನೆಯ ನಿಯಮ ಒಂದೇ: ಮೂರು ದಿನ ಕಾಯಬೇಕು, ಹೊಟ್ಟೆ ಕೊಯ್ಯಲು ಬಿಡಬಾರದು.

ಆಮೇಲೆ ಈ ಜ್ವರದ ಜೀನ್ ಹುಡುಕುವ ರಕ್ತಪರೀಕ್ಷೆ ಬಂತು. ಅಕ್ಕ ತಮ್ಮ ಇಬ್ಬರೂ ಮಾಡಿಸಿದರು. ಕೆಟ್ಟ ಜೀನ್ ಅರಕ್ಸಿಯಲ್ಲಿ ಎರಡು ಪ್ರತಿ, ನಿಶಾನನಲ್ಲಿ ಒಂದೇ. ಅರಕ್ಸಿ ಒಂದು ದಿನವೂ ಜ್ವರ ಕಂಡವಳಲ್ಲ.

"ಅದು ಹೇಗೆ ಡಾಕ್ಟ್ರಮ್ಮಾ? ಎರಡಿರೋಳು ನಾನು."

"ಶತ್ರು ಇಲ್ಲದಿದ್ರೂ ಮೈ ಕಾಳಗಕ್ಕೆ ನಿಲ್ಲುತ್ತೆ, ಅದೇ ಉರಿಯೂತ. ಆ ಜೀನ್ ಇದ್ರೆ ಅಪಾಯ ಹೆಚ್ಚು, ಅಷ್ಟೇ. ಯಾರಿಗೆ ಬರುತ್ತೆ, ಯಾರಿಗೆ ಬರಲ್ಲ ಅಂತ ಅದೊಂದೇ ಹೇಳಲ್ಲ. ಉಳಿದದ್ದು ನಮಗೂ ಪೂರ್ತಿ ಗೊತ್ತಿಲ್ಲ."

ಮನೆಗೆ ಬರುವ ದಾರಿಯುದ್ದಕ್ಕೂ ನಿಶಾನ್ ನಗುತ್ತಿದ್ದ. "ಅಪ್ಪ ಆಸ್ತಿ ನಿನ್ನ ಹೆಸರಿಗೆ ಬರೆದು, ಕಂದಾಯ ನನ್ನ ತಲೆಗೆ ಕಟ್ಟಿದಾನೆ ಕಣೇ ಅಕ್ಕಾ."

ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ದಿನಾ ನುಂಗಿದ. ಜ್ವರ ಕಡಿಮೆಯಾಯಿತು, ಪೂರ್ತಿ ಬಿಡಲಿಲ್ಲ. ಹಾಗಾಗಿ ಸಾವಿಗೆ ಐದು ದಿನ ಮೊದಲು, ಭಾನುವಾರ, ನೋವು ಶುರುವಾದಾಗ ಯಾರೂ ಗಾಬರಿಯಾಗಲಿಲ್ಲ. ಸೋಮವಾರ ಅರಕ್ಸಿ ಮೊಸರಿನ ಸಾರು ಮಾಡಿಕೊಂಡು ಬಂದಳು. ಅವನು ಬಲಗಾಲು ಮಡಚಿಕೊಂಡು ಮಲಗಿದ್ದ.

"ಯಾವಾಗ್ಲೂ ಹೊಟ್ಟೆಯೆಲ್ಲಾ ನೋವು ಅಂತಿದ್ದೆ. ಈ ಸಲ ಬಲಗಡೆ ಕೆಳಗೇ ಕೂತಿದೆಯಲ್ಲೋ?"

"ನೋವಿನ ವಿಳಾಸ ಬೇರೆ ಕೇಳ್ತೀಯಾ? ಬುಧವಾರ ಹೋಗುತ್ತೆ, ಸುಮ್ನಿರು."

"ಡಾಕ್ಟ್ರಿಗೆ ಫೋನ್ ಮಾಡ್ತೀನಿ."

"ಮಾಡು. ಅಪ್ಪನ ಥರ ನನಗೂ ಹೊಟ್ಟೆ ಮೇಲೊಂದು ಹೊಲಿಗೆ ಹಾಕಿಸು. ಹೊಲಿಯೋ ಕೆಲಸ ನಮ್ಮ ಮನೆಯಲ್ಲಿ ಕಡಿಮೆ ನೋಡು."

ಮಂಗಳವಾರ ಅವಳು ಎರಡು ಸಲ ಫೋನ್ ಕೈಗೆತ್ತಿಕೊಂಡಳು. ಅಪ್ಪನ ಹೊಟ್ಟೆಯ ಆ ಗಾಯದ ಗುರುತು ಕಣ್ಣಮುಂದೆ ಬಂತು. ತನಗೇನು ಗೊತ್ತು? ಜ್ವರವನ್ನೇ ಕಾಣದವಳು ಜ್ವರದವನಿಗೆ ಬುದ್ಧಿ ಹೇಳುವುದೇ? ಎರಡು ಸಲವೂ ಕೆಳಗಿಟ್ಟಳು. ಈಗ ಕೇಳಿದವರಿಗೆಲ್ಲ ಅದನ್ನೇ ಹೇಳುತ್ತಾಳೆ, ಒಮ್ಮೆ ಕೊಯ್ತಾರೆ ಅಂತ ಹೆದರಿದೆ ಅನ್ನುತ್ತಾಳೆ, ಒಮ್ಮೆ ಮೂರು ದಿನದ ಲೆಕ್ಕ ನಂಬಿದೆ ಅನ್ನುತ್ತಾಳೆ.

ಬುಧವಾರ ಬೆಳಗ್ಗೆ ನೋವು ಪಟ್ಟನೆ ನಿಂತಿತು. ಅಪೆಂಡಿಕ್ಸ್ ಒಡೆದಾಗ ಸ್ವಲ್ಪ ಹೊತ್ತು ಹಾಗೆ ಹಗುರಾಗುತ್ತದೆ ಎಂದು ಆಸ್ಪತ್ರೆಯವರು ಆಮೇಲೆ ಹೇಳಿದರು. ಆಗ ಅದು ಅವರಿಬ್ಬರಿಗೂ ಗೊತ್ತಿರಲಿಲ್ಲ.

"ನೋಡಿದ್ಯಾ? ಲೆಕ್ಕ ಹಾಕಿದ ಹಾಗೆ ಹೋಯ್ತು," ಎಂದು ನಿಶಾನ್ ಎದ್ದ. ಮುಖ ಬಿಳಚಿತ್ತು, ನಗು ಮಾತ್ರ ಅವನದೇ. ಅರಕ್ಸಿಗೆ ಅಳು ಬಂತು, ನಗುವೂ ಬಂತು.

ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದ. ಮನೆಯ ಕೆಳಗಿನ ತನ್ನ ಶೂ ಅಂಗಡಿಯ ಶಟರ್ ಎತ್ತಲು ಅವಳೂ ಕೈಹಚ್ಚಿದಳು. ಸ್ಟೂಲಿನ ಮೇಲೆ ಕೂತು, ಅರ್ಧಕ್ಕೆ ನಿಂತಿದ್ದ ಹೆಂಗಸರ ಬೂಟಿನ ಅಟ್ಟೆಗೆ ಅಂಟು ಹಚ್ಚಿದ. ಬೀದಿಯಲ್ಲಿ ಕಾಫಿ ಮಾರುವವನನ್ನು ಕೂಗಿ ಕರೆದು, ಅಕ್ಕನಿಗೊಂದು ಕಪ್, ಸಕ್ಕರೆ ಜಾಸ್ತಿ ಎಂದ.