ಅರ್ಧ ನಗುವಿನ ಮೇಡಂ

ನಮ್ಮ ಪ್ರಾಣಿಶಾಸ್ತ್ರದ ಮೇಡಂ ನಕ್ಕರೆ ಮುಖದ ಬಲಭಾಗ ಮಾತ್ರ ನಗುತ್ತಿತ್ತು. ಎಡಗಡೆಯ ತುಟಿ, ಕೆನ್ನೆ, ಹುಬ್ಬು ಯಾವುದೂ ಅಲುಗುತ್ತಿರಲಿಲ್ಲ. ಭದ್ರಾವತಿಯಿಂದ ಶಿವಮೊಗ್ಗದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದ ನಾನು ಮೊದಲ ದಿನ ಅವರ ಮುಖ ನೋಡಲು ಸಂಕೋಚಪಟ್ಟು ತಲೆ ತಗ್ಗಿಸಿ ಕೂತಿದ್ದೆ.

ಅವರಿಗೆ ಮಾತ್ರ ಯಾವ ಸಂಕೋಚವೂ ಇರಲಿಲ್ಲ. ನರಮಂಡಲದ ಪಾಠಕ್ಕೆ ಚಾರ್ಟನ್ನೇ ತರಲಿಲ್ಲ. "ಎಲ್ರೂ ನನ್ನ ಮುಖ ನೋಡಿ" ಎಂದು ಹುಬ್ಬೇರಿಸಿದರು. ಒಂದೇ ಹುಬ್ಬು ಏರಿತು. "ಮಿದುಳು ಎರಡೂ ಕಡೆಗೆ ಆರ್ಡರ್ ಕಳಿಸಿದೆ. ಎಡಗಡೆ ನರ ಕೆಟ್ಟಿದೆ, ಅದಕ್ಕೇ ಹುಬ್ಬೂ ಇಲ್ಲ, ನಗುವೂ ಇಲ್ಲ. ಆದ್ರೆ ಬಾಯಿ ಸೊಟ್ಟಗಾಗಿ ಎರಡೂ ಹುಬ್ಬು ಏರ್ತಿದ್ರೆ ತೊಂದರೆ ಮಿದುಳಲ್ಲೇ ಇರಬಹುದು. ಹಣೆಗೆ ಮಿದುಳಿನ ಎರಡೂ ಕಡೆಯಿಂದ ಆರ್ಡರ್ ಬರುತ್ತೆ, ಒಂದು ಕಡೆ ಕೆಟ್ರೂ ಹುಬ್ಬು ಏರುತ್ತೆ. ಯಾವುದೇ ಆಗ್ಲಿ, ಮೊದಲು ಆಸ್ಪತ್ರೆಗೆ ಓಡಿ."

ಬಿಸಿ ಪಾತ್ರೆ ಮುಟ್ಟಿದ ಕೈ ತಾನಾಗಿ ಹಿಂದೆ ಸರಿಯುವುದನ್ನು ಅವರು ವಿವರಿಸುತ್ತಿದ್ದುದು ಹೀಗೆ: "ಬೆನ್ನುಹುರಿ ಅಟೆಂಡರ್ ಇದ್ದ ಹಾಗೆ, ಕೆಲಸ ಮುಗಿಸಿಬಿಡ್ತಾನೆ. ಮಿದುಳು ಆಫೀಸರ್ರು. ಅವರು ಆಮೇಲೆ ಬಂದು 'ಅಯ್ಯೋ' ಅಂತಾರೆ." ಹಿಂದಿನ ಬೆಂಚಿನಲ್ಲಿ ಯಾರಾದರೂ ಆಕಳಿಸಿದರೆ, "ಅಲ್ಲಿ ಸಿಗ್ನಲ್ ಇಲ್ಲ ಮಾರಾಯ, ಮುಂದೆ ಬಾ" ಎನ್ನುತ್ತಿದ್ದರು.

ಆ ವರ್ಷವೇ ಒಂದು ಬೆಳಿಗ್ಗೆ, ಭದ್ರಾವತಿಯ ಕಾಗದನಗರದ ನಮ್ಮ ಮನೆಯಲ್ಲಿ, ಅಪ್ಪ ಕುಡಿಯುತ್ತಿದ್ದ ಕಾಫಿ ಬಾಯಿಯ ಬಲಗಡೆಯಿಂದ ಸುರಿಯಿತು. ಏನೋ ಹೇಳಲು ಹೋದರು, ಮಾತು ತೊದಲಿತು.

"ರಾತ್ರಿ ಕಿಟಕಿ ತೆಗೆದು ಮಲಗಿದ್ರು, ಗಾಳಿ ಹೊಡೆದಿದೆ. ಬಿಸಿ ಎಣ್ಣೆ ತಿಕ್ಕಿದ್ರೆ ಹೋಗುತ್ತೆ" ಎಂದು ಅಮ್ಮ ಒಲೆಯ ಕಡೆ ಹೊರಟರು.

ನಾನು ಅಪ್ಪನೆದುರು ಕೂತು ನನ್ನ ಹುಬ್ಬೇರಿಸಿ ತೋರಿಸಿದೆ. ಅವರೂ ಏರಿಸಿದರು. ಎರಡೂ ಏರಿದವು. ಹಾಗಾದರೆ ತೊಂದರೆ ಮಿದುಳಿನಲ್ಲೇ.

"ಅಮ್ಮ, ಎಣ್ಣೆ ಬೇಡ. ಕಾರು ಬೇಕು!"

ಪಕ್ಕದ ಮನೆಯವರ ಕಾರಿನಲ್ಲಿ ಶಿವಮೊಗ್ಗಕ್ಕೆ ಧಾವಿಸಿದೆವು. ಮಿದುಳಿನ ರಕ್ತನಾಳ ಕಟ್ಟಿಕೊಂಡಿತ್ತು. "ಹೊತ್ತಿಗೆ ಸರಿಯಾಗಿ ಬಂದ್ರಿ" ಎಂದರು ಡಾಕ್ಟರು.

ಸುದ್ದಿ ತಿಳಿದು ಮರುದಿನ ಮೇಡಂ ವಾರ್ಡಿಗೇ ಬಂದರು. ಅಪ್ಪನ ಮುಖ ನೋಡಿ, "ನಿಮ್ದು ಎಡ ನಗುತ್ತೆ, ನಂದು ಬಲ. ಇಬ್ರೂ ಸೇರಿದ್ರೆ ಒಂದು ಪೂರ್ತಿ ನಗು ಆಯ್ತಲ್ಲ ಸಾರ್!" ಎಂದರು. ಮಾತು ಹೋಯಿತೆಂದು ಗೋಡೆ ನೋಡುತ್ತ ಮಲಗಿದ್ದ ಅಪ್ಪ ನಕ್ಕುಬಿಟ್ಟರು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಅಪ್ಪ ಮನೆಗೆ ಬಂದ ಮೇಲೆ ಭಾನುವಾರಗಳಲ್ಲಿ ಮೇಡಂ ಶಿವಮೊಗ್ಗದ ನವುಲೆಯಿಂದ ಬಸ್ಸು ಬದಲಿಸಿಕೊಂಡು ಬರುತ್ತಿದ್ದರು. "ಒಂದು ದಾರಿ ಮುಚ್ಚಿದ್ರೆ ಮಿದುಳು ಇನ್ನೊಂದು ಹುಡುಕ್ಕೊಳ್ಳುತ್ತೆ ಸಾರ್. ಆದ್ರೆ ನೀವು ಆ ದಾರೀಲಿ ಓಡಾಡ್ತಾ ಇರಬೇಕು" ಎಂದು ಪೇಪರನ್ನು ಜೋರಾಗಿ ಓದಿಸುತ್ತಿದ್ದರು. ಅಪ್ಪ "ಅ... ಡಿ... ಕೆ..." ಎಂದು ಎಳೆದರೆ, "ಬೇಗ ಓದಿ, ಅಷ್ಟರಲ್ಲಿ ರೇಟು ಬಿದ್ದೋಗುತ್ತೆ!" ಎಂದು ಕಾಡುತ್ತಿದ್ದರು. ಅಪ್ಪನಿಗೆ ಸಿಟ್ಟು ಬಂದು ಬೈಯಲು ಹೊರಟ ದಿನವೇ ಮೊದಲ ಪೂರ್ಣ ವಾಕ್ಯ ಬಾಯಿಂದ ಬಂತು: "ನೀವು ಸ್ವಲ್ಪ ಸುಮ್ನಿರ್ತೀರಾ?" ಮೇಡಂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಕೆಲವು ವರ್ಷಗಳ ನಂತರ ಕಾಲೇಜಿನಲ್ಲಿ ಅವರ ಬೀಳ್ಕೊಡುಗೆ. ಹಳೆಯ ವಿದ್ಯಾರ್ಥಿಗಳೆಲ್ಲ ಮಾತಾಡಿದ ಮೇಲೆ ಅಪ್ಪ ನನ್ನ ಪಕ್ಕದಿಂದೆದ್ದು ಹೋಗಿ ಮೈಕ್ ಕೇಳಿದರು. ಜೀವನವಿಡೀ ವೇದಿಕೆ ಹತ್ತದವರು.

"ನಾನು ಪೇಪರ್ ಮಿಲ್‌ನಲ್ಲಿದ್ದವನು. ಕಾಲೇಜು ಓದಿಲ್ಲ" ಎಂದು ನಿಧಾನವಾಗಿ ಆರಂಭಿಸಿದರು. "ರಿಟೈರಾದ ಮೇಲೆ ಮೇಡಂ ಹತ್ರ ಅಆಇಈ ಕಲಿತೆ. ಪಾಸಾದ್ನೋ ಇಲ್ವೋ, ಅವರೇ ಹೇಳ್ಬೇಕು."

"ಫಸ್ಟ್ ಕ್ಲಾಸ್!" ಎಂದು ಮೇಡಂ ಕುರ್ಚಿಯಿಂದಲೇ ಕೂಗಿದರು. ಸಭೆಯೆಲ್ಲ ನಗುತ್ತಿದ್ದಾಗಲೂ ಅಪ್ಪ ಮೈಕ್ ಬಿಡಲಿಲ್ಲ. ಅಪ್ಪನ ಮಾತು ಇನ್ನೂ ಮುಗಿದಿರಲಿಲ್ಲ.